ಅಪರೂಪದ ಎಲ್ಫ್ ಆಗಿ ಆಡುವುದು ಹೇಗೆ: ಡಿ ಅಂಡ್ ಡಿ ಆಟಗಾರರಿಗೆ ಸಮಗ್ರ ಮಾರ್ಗದರ್ಶಿ

ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಟೇಬಲ್ ಸುತ್ತ ಕೂತು ಪಾತ್ರ ವಹಿಸಿ, ದಾಳ ಎಸೆದು ಕಥೆ ಆಡುವ ಆಟ. ನಾನು ಡಿಎಂ (ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸುವವರು) ಆಗಿ ನಡೆಸುವ ಭಾನುವಾರದ ಆಟಕ್ಕೆ ಗೆಳತಿಯೊಬ್ಬಳು ಸೀ ಎಲ್ಫ್ ಪಾತ್ರ ಮಾಡಿಕೊಂಡು ಬಂದಳು. ಎಲ್ಫ್ ಅಂದರೆ ಮನುಷ್ಯರಂತೆ ಕಾಣುವ, ತುಂಬ ಕಾಲ ಬದುಕುವ ಕಲ್ಪನೆಯ ಜನ. ಸೀ ಎಲ್ಫ್ ಅವರಲ್ಲಿ ಕಡಲಿನವರು. ನೀರಿನೊಳಗೆ ಉಸಿರಾಡುವವಳು, ಮೀನುಗಳ ಜೊತೆ ಮಾತಾಡುವವಳು, ಕೈಯಲ್ಲಿ ತ್ರಿಶೂಲ. ತುಂಬ ಆಸೆಯಿಂದ ಮಾಡಿದ ಪಾತ್ರ ಅದು. ಆದರೆ ನಮ್ಮ ಕಥೆ ನಡೆಯುತ್ತಿದ್ದದ್ದು ಮರಳುಗಾಡಿನಲ್ಲಿ. ಎರಡು ಸೆಷನ್ ಅವಳು ಹೆಚ್ಚು ಮಾತಾಡದೆ ಕೂತಿದ್ದಳು. ಪಾತ್ರದ ಶೀಟ್‌ನಲ್ಲಿ ಬರೆದಿದ್ದ ಯಾವ ಶಕ್ತಿಯೂ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಮೂರನೇ ಸಲ ಸೇರುವ ಮೊದಲು ಇಬ್ಬರೂ ಫೋನಿನಲ್ಲಿ ಮಾತಾಡಿದೆವು. ಪಾತ್ರ ಬದಲಾಯಿಸೋಣವಾ ಅಂತ ಕೇಳಿದೆ. ಬೇಡ ಅಂದಳು. ಅದರ ಬದಲು ತನ್ನ ಎಲ್ಫ್‌ಗೆ ಒಂದು ಸಣ್ಣ ಕುಪ್ಪಿ ಕೊಟ್ಟಳು. ಅದರ ತುಂಬ ಕಡಲ ನೀರು. ದಿನಾ ರಾತ್ರಿ ಬೆರಳ ತುದಿಯನ್ನು ಅದರಲ್ಲಿ ಅದ್ದಿ ಕಣ್ಣಿನ ರೆಪ್ಪೆಗೆ ಸವರಿಕೊಳ್ಳುತ್ತಾಳೆ. ಅಷ್ಟೇ. ಯಾವ ಪುಸ್ತಕದಲ್ಲೂ ಇಲ್ಲದ ಅಭ್ಯಾಸ. ಆದರೆ ಅವತ್ತಿನಿಂದ ಉಳಿದ ಮೂವರೂ ಆ ಕುಪ್ಪಿಯನ್ನು ಕಾಯಲು ಶುರು ಮಾಡಿದರು. ಒಂಟೆ ಮೇಲಿಂದ ಅದು ಬಿದ್ದಾಗ ಎಲ್ಲರೂ ಕುರ್ಚಿಯಿಂದ ಎದ್ದರು.

ನಾನು ಈ ಮಾರ್ಗದರ್ಶಿ ಬರೆಯುತ್ತಿರುವುದು ಆ ಕುಪ್ಪಿಯ ಕಾರಣಕ್ಕೆ. ಅಪರೂಪದ ಎಲ್ಫ್ ಅಂದರೆ ಅಪರೂಪದ ಶಕ್ತಿಗಳ ಪಟ್ಟಿ ಅಂತ ತುಂಬ ಜನ ತಿಳಿದುಕೊಳ್ಳುತ್ತಾರೆ. ಶಕ್ತಿ ಬೇಕು, ಅದರ ಲೆಕ್ಕವನ್ನೂ ಕೆಳಗೆ ಹೇಳುತ್ತೇನೆ. ಆದರೆ ಜೊತೆಗೆ ಆಡುವವರಿಗೆ ನಿಮ್ಮ ಎಲ್ಫ್ ಅಪರೂಪ ಅನ್ನಿಸುವುದು ಅದರ ಒಂದು ಶಕ್ತಿ ದಿನನಿತ್ಯದ ಅಭ್ಯಾಸವಾದಾಗ.

ಮೊದಲು: ಯಾವ ಪುಸ್ತಕ ಅಂತ ಕೇಳಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 5ನೇ ಆವೃತ್ತಿಯಲ್ಲೇ ಒಂದೇ ಎಲ್ಫ್‌ಗೆ ಎರಡು ಮೂರು ರೂಪಗಳಿವೆ. ಪಾತ್ರ ಮಾಡುವ ಮೊದಲು ಡಿಎಂ ಹತ್ತಿರ ಈ ಒಂದು ಪ್ರಶ್ನೆ ಕೇಳಿದರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ (ಆಟಗಾರರ ಮೂಲ ನಿಯಮಪುಸ್ತಕ) ಇದ್ದದ್ದು ಮೂರೇ ಸಬ್‌ರೇಸ್ (ಒಂದು ರೇಸ್, ಅಂದರೆ ಜನಾಂಗದ ಒಳಪಂಗಡ): ಹೈ ಎಲ್ಫ್, ವುಡ್ ಎಲ್ಫ್, ಡ್ರೌ (ಡಾರ್ಕ್ ಎಲ್ಫ್). ಅದೇ ವರ್ಷದ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ, ಹೊಸ ಸಬ್‌ರೇಸ್ ಕಟ್ಟುವುದು ಹೇಗೆ ಅಂತ ತೋರಿಸುವ ಉದಾಹರಣೆಯಾಗಿ, ಎಲಾಡ್ರಿನ್ ಬಂತು. 2018ರ ಮಾರ್ಡನ್‌ಕೈನನ್ಸ್ ಟೋಮ್ ಆಫ್ ಫೋಸ್ ಪುಸ್ತಕ ಎಲಾಡ್ರಿನ್ ಅನ್ನು ಪೂರ್ತಿ ಹೊಸದಾಗಿ ಬರೆದು, ಜೊತೆಗೆ ಸೀ ಎಲ್ಫ್ ಮತ್ತು ಶಾಡರ್-ಕೈ ಕೊಟ್ಟಿತು. 2022ರಲ್ಲಿ ಮಾನ್‌ಸ್ಟರ್ಸ್ ಆಫ್ ದ ಮಲ್ಟಿವರ್ಸ್ ಬಂದಾಗ ಈ ಮೂರೂ ಸಬ್‌ರೇಸ್ ಆಗಿ ಉಳಿಯಲಿಲ್ಲ. ತಮ್ಮಷ್ಟಕ್ಕೆ ತಾವೇ ಬೇರೆ ಬೇರೆ ರೇಸ್ ಆದವು. 2024ರ ಹೊಸ ಹ್ಯಾಂಡ್‌ಬುಕ್ 'ರೇಸ್' ಅನ್ನುವ ಪದವನ್ನೇ ಬಿಟ್ಟು 'ಸ್ಪೀಶೀಸ್' ಅಂದಿತು. ಆದರೆ ಎಲ್ಫ್ ಅಡಿಯಲ್ಲಿ ಹಳೆಯ ಮೂರನ್ನೇ ಇಟ್ಟಿತು.

ಹಾಗಾದರೆ 2024ರ ನಿಯಮದಲ್ಲಿ ಆಡುವ ಟೇಬಲ್‌ನಲ್ಲಿ ಶಾಡರ್-ಕೈ ಆಡಬಹುದಾ? ಆಡಬಹುದು. ಹಳೆಯ ಪುಸ್ತಕದ ರೇಸ್ ತಂದರೆ ಅದರ ಜೊತೆ ಬರುವ ಅಬಿಲಿಟಿ ಸ್ಕೋರ್ (ಬಲ, ಬುದ್ಧಿಯಂಥ ಗುಣಗಳ ಅಂಕ) ಏರಿಕೆಯನ್ನು ಬಿಟ್ಟುಬಿಡಬೇಕು, ಯಾಕೆಂದರೆ ಈಗ ಆ ಏರಿಕೆ ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಹಿನ್ನೆಲೆ) ಬರುತ್ತದೆ. ಎರಡೂ ಕಡೆಯಿಂದ ತಗೊಂಡರೆ ಪಾತ್ರ ಅನ್ಯಾಯವಾಗಿ ಬಲವಾಗುತ್ತದೆ. ಈ ತಪ್ಪನ್ನು ಹೊಸಬರು ಗೊತ್ತಿಲ್ಲದೆ ಮಾಡುತ್ತಾರೆ. ಶೀಟ್ ತುಂಬುವಾಗಲೇ ನೋಡಿಕೊಳ್ಳಿ.

ಯಾವ ಎಲ್ಫ್ ಆರಿಸಬೇಕು?

ನನಗೆ ಎಲ್ಲಕ್ಕಿಂತ ಇಷ್ಟ ಎಲಾಡ್ರಿನ್. ಇವರು ಫೇವೈಲ್ಡ್ ಅನ್ನುವ ಮಾಯಾಲೋಕದ ಎಲ್ಫ್‌ಗಳು. 2018ರ ರೂಪದಲ್ಲಿ ಇವರ ಮನಸ್ಸು ನಾಲ್ಕು ಋತುಗಳಲ್ಲಿ ತಿರುಗುತ್ತದೆ. ಋತು ಬದಲಾದರೆ ಮೈಬಣ್ಣ, ಕೂದಲಿನ ಬಣ್ಣವೂ ಬದಲು. ವಸಂತದಲ್ಲಿ ಸಂಭ್ರಮ, ಬೇಸಿಗೆಯಲ್ಲಿ ಧೈರ್ಯ ಮತ್ತು ಸಿಟ್ಟು, ಶರತ್ಕಾಲದಲ್ಲಿ ಶಾಂತಿ ಮತ್ತು ಸ್ನೇಹ, ಚಳಿಗಾಲದಲ್ಲಿ ದುಃಖ ಮತ್ತು ಚಿಂತನೆ. ಲಾಂಗ್ ರೆಸ್ಟ್ (ರಾತ್ರಿಯ ಪೂರ್ತಿ ವಿಶ್ರಾಂತಿ) ಮುಗಿದಾಗ ಬೇಕಿದ್ದರೆ ಋತು ಬದಲಾಯಿಸಿಕೊಳ್ಳಬಹುದು.

ಇಲ್ಲಿ ನಮ್ಮವರಿಗೆ ಒಂದು ತೊಡಕಿದೆ. ಪುಸ್ತಕದ ಋತುಗಳು ಚಳಿದೇಶದ ಋತುಗಳು. ಅಲ್ಲಿ ಶರತ್ಕಾಲ ಅಂದರೆ ಎಲೆ ಕೆಂಪಾಗಿ ಉದುರುವ ಕಾಲ. ನಮ್ಮಲ್ಲಿ ಎಲೆ ಉದುರುವುದು ಯುಗಾದಿಗೆ ಸ್ವಲ್ಪ ಮುಂಚೆ. ಅದಕ್ಕೇ ಶರತ್ಕಾಲದ ಎಲಾಡ್ರಿನ್ ಆಡುವಾಗ ಕೆಂಪೆಲೆಯ ಚಿತ್ರ ಮನಸ್ಸಿಗೆ ಹತ್ತುವುದಿಲ್ಲ. ಅದರ ಬದಲು ಸುಗ್ಗಿ ನೆನಪು ಮಾಡಿಕೊಳ್ಳಿ. ಬೆಳೆ ಮನೆಗೆ ಬಂದಿದೆ, ಕಣಜ ತುಂಬಿದೆ, ಎಳ್ಳು ಬೆಲ್ಲ ಹಿಡಿದು ಮನೆಮನೆಗೆ ಹೋಗುವ ಹೊತ್ತು. ಬೆಳೆದದ್ದನ್ನು ಎಲ್ಲರ ಜೊತೆ ಹಂಚಿಕೊಳ್ಳುವ ಆ ಮನಸ್ಸೇ ಪುಸ್ತಕ ಹೇಳುವ ಶರತ್ಕಾಲ. ಹೀಗೆ ಯೋಚಿಸಿದ ಮೇಲೆ ನಮ್ಮ ಟೇಬಲ್‌ನ ಎಲಾಡ್ರಿನ್ ಹೊಸ ಊರಿಗೆ ಹೋದಾಗಲೆಲ್ಲ ಮೊದಲು ಏನಾದರೂ ತಿನ್ನಲು ಹಂಚತೊಡಗಿತು. ಕಾವಲುಗಾರರ ಹತ್ತಿರ ಜಗಳ ಅರ್ಧಕ್ಕರ್ಧ ಕಡಿಮೆ ಆಯಿತು.

ಶಾಡರ್-ಕೈ ಇದಕ್ಕೆ ಪೂರ್ತಿ ತಿರುಗುಮುರುಗು. ಇವರು ಶಾಡೋಫೆಲ್ ಅನ್ನುವ ಮಬ್ಬು ಲೋಕದವರು, ರೇವನ್ ಕ್ವೀನ್ ಅನ್ನುವ ದೈವದ ಸೇವಕರು. ಆ ಲೋಕದಲ್ಲಿದ್ದಾಗ ಮುದಿಯಾಗಿ, ಒಣಗಿದಂತೆ ಕಾಣುತ್ತಾರೆ. ಹೊರಗೆ ಬಂದಾಗ ಯೌವನ ಮರಳುತ್ತದೆ. ಈ ಒಂದು ವಿವರದಲ್ಲೇ ಇಡೀ ಪಾತ್ರ ಇದೆ ಅಂತ ನನ್ನ ಅಭಿಪ್ರಾಯ. ಮನೆಗೆ ಹೋದರೆ ಮುದುಕ, ಪರದೇಶದಲ್ಲಿ ಯುವಕ. ಅಂಥವನಿಗೆ ಮನೆ ಅಂದರೆ ಏನು? ರೇವನ್ ಕ್ವೀನ್‌ಗೆ ಬೇಕಾದದ್ದು ನೆನಪುಗಳು, ನೋವಿನ ಕಥೆಗಳು. ಹಾಗಾಗಿ ನಿಮ್ಮ ಶಾಡರ್-ಕೈ ಪ್ರತಿ ಸಾವಿನ ಹತ್ತಿರವೂ ಒಂದು ಕ್ಷಣ ನಿಲ್ಲುವವನು. ಶತ್ರುವಿನ ಸಾವಾದರೂ ಸರಿ.

ಸೀ ಎಲ್ಫ್ ಬಗ್ಗೆ ಮೇಲೆಯೇ ಹೇಳಿದೆ. ಗಾಳಿಯಲ್ಲೂ ನೀರಿನಲ್ಲೂ ಉಸಿರಾಟ, ಈಜುವ ವೇಗ, ಈಜಬಲ್ಲ ಪ್ರಾಣಿಗಳಿಗೆ ಸರಳ ವಿಚಾರ ತಿಳಿಸುವ ಶಕ್ತಿ. 2022ರ ರೂಪದಲ್ಲಿ ಚಳಿಯ ಹೊಡೆತ ತಡೆಯುವ ಗುಣವೂ ಸೇರಿತು. ಕಥೆಯಲ್ಲಿ ಹಡಗು, ನದಿ, ಬಾವಿ, ಮುಳುಗಿದ ಗುಡಿ ಯಾವುದಾದರೂ ಒಂದು ಇದ್ದರೂ ಸಾಕು.

ಇನ್ನು ಕೆಲವು. 2020ರ ಎಕ್ಸ್‌ಪ್ಲೋರರ್ಸ್ ಗೈಡ್ ಟು ವೈಲ್ಡ್‌ಮೌಂಟ್‌ನಲ್ಲಿ ಬರುವ ಪ್ಯಾಲಿಡ್ ಎಲ್ಫ್ ಚಂದ್ರನ ಒಲವಿನವರು. ಸುಳ್ಳು ಹಿಡಿಯುವುದರಲ್ಲಿ, ಸುಳಿವು ಹುಡುಕುವುದರಲ್ಲಿ ಗಟ್ಟಿಗರು. ಪತ್ತೇದಾರಿ ಕಥೆಗೆ ಹೇಳಿ ಮಾಡಿಸಿದ ಹಾಗೆ. ರೆಕ್ಕೆಯ ಏವರಿಯಲ್ ಮತ್ತು ಕಾಡಿನ ಗ್ರೂಗಾಕ್ 2017ರಲ್ಲಿ ಪರೀಕ್ಷೆಗೆಂದು ಬಂದವರು. ಆ ಗುಂಪಿನಲ್ಲಿದ್ದ ಸೀ ಎಲ್ಫ್, ಶಾಡರ್-ಕೈ ಮರುವರ್ಷ ಪುಸ್ತಕ ಸೇರಿದರು, ಇವರಿಬ್ಬರು ಉಳಿದುಬಿಟ್ಟರು. ಆಡಲೇಬೇಕು ಅಂದರೆ ಡಿಎಂ ಒಪ್ಪಿಗೆ ಬೇಕೇ ಬೇಕು. ಏವರಿಯಲ್ ಮೊದಲ ಲೆವೆಲ್‌ನಲ್ಲೇ 30 ಅಡಿ ವೇಗದಲ್ಲಿ ಹಾರುತ್ತದೆ. ಹಳ್ಳ, ಗೋಡೆ, ಕಂದಕ ಇವನ್ನೆಲ್ಲ ನಂಬಿ ಸಾಹಸ ಬರೆದ ಡಿಎಂಗೆ ಇದು ಸಣ್ಣ ವಿಷಯ ಅಲ್ಲ.

ಲೆಕ್ಕ: ಎರಡು ರೂಪಗಳಲ್ಲಿ ಯಾವುದು ಲಾಭ?

ಎಲಾಡ್ರಿನ್‌ನ ಮುಖ್ಯ ಶಕ್ತಿ ಫೇ ಸ್ಟೆಪ್. ಬೋನಸ್ ಆ್ಯಕ್ಷನ್ (ಸರದಿಯಲ್ಲಿ ಮುಖ್ಯ ಆ್ಯಕ್ಷನ್ ಜೊತೆ ಮಾಡಬಹುದಾದ ಸಣ್ಣ ಕೆಲಸ) ಖರ್ಚು ಮಾಡಿ, ಕಣ್ಣಿಗೆ ಕಾಣುವ ಖಾಲಿ ಜಾಗಕ್ಕೆ 30 ಅಡಿ ಮಾಯವಾಗಿ ಹೋಗುವುದು. 2018ರ ರೂಪದಲ್ಲಿ ಒಂದು ಸಲ ಬಳಸಿದರೆ ಶಾರ್ಟ್ ರೆಸ್ಟ್ (ದಿನದ ನಡುವಿನ ಸಣ್ಣ ವಿಶ್ರಾಂತಿ) ಅಥವಾ ಲಾಂಗ್ ರೆಸ್ಟ್ ಆದ ಮೇಲೆ ಮತ್ತೆ ಸಿಗುತ್ತದೆ. 2022ರ ರೂಪದಲ್ಲಿ ಪ್ರೊಫಿಷಿಯೆನ್ಸಿ ಬೋನಸ್ (ಲೆವೆಲ್ ಜೊತೆ ಏರುವ ಪರಿಣತಿಯ ಅಂಕ) ಎಷ್ಟಿದೆಯೋ ಅಷ್ಟು ಸಲ, ಆಮೇಲೆ ಲಾಂಗ್ ರೆಸ್ಟ್ ಬೇಕು.

ನಿಮ್ಮ ಟೇಬಲ್‌ನಲ್ಲಿ ದಿನಕ್ಕೆ ಎರಡು ಶಾರ್ಟ್ ರೆಸ್ಟ್ ಸಿಗುತ್ತದೆ ಅಂದುಕೊಳ್ಳಿ. ಆಗ 2018ರ ಎಲಾಡ್ರಿನ್ ದಿನಕ್ಕೆ ಮೂರು ಸಲ ಮಾಯವಾಗಬಹುದು. 2022ರದ್ದು 4ನೇ ಲೆವೆಲ್‌ವರೆಗೆ ಎರಡೇ ಸಲ. 5ರಿಂದ 8ರವರೆಗೆ ಇಬ್ಬರೂ ಸಮ. 9ನೇ ಲೆವೆಲ್‌ನಿಂದ 2022ರದ್ದು ಮುಂದೆ. ಆದರೆ ಎಷ್ಟೋ ಟೇಬಲ್‌ಗಳಲ್ಲಿ ಶಾರ್ಟ್ ರೆಸ್ಟ್ ಸಿಗುವುದೇ ಅಪರೂಪ. ಒಂದು ದೊಡ್ಡ ಹೊಡೆದಾಟ, ಆಮೇಲೆ ನಿದ್ದೆ. ಅಂಥ ಕಡೆ 2022ರದ್ದೇ ಸರಿ, ಸಿಗುವಷ್ಟೂ ಸಲ ಒಂದೇ ಹೊಡೆದಾಟದಲ್ಲಿ ಬಳಸಬಹುದು.

3ನೇ ಲೆವೆಲ್‌ನಿಂದ ಋತುವಿನ ಪರಿಣಾಮ ಸೇರುತ್ತದೆ. ಬೇಸಿಗೆಯಲ್ಲಿ, ಹೋಗಿ ನಿಂತ ಜಾಗದ 5 ಅಡಿಯೊಳಗೆ ನೀವು ಆರಿಸಿದವರಿಗೆ ಬೆಂಕಿಯ ಏಟು. ಚಳಿಗಾಲದಲ್ಲಿ, ಹೊರಡುವ ಮೊದಲು ಪಕ್ಕದಲ್ಲಿದ್ದ ಒಬ್ಬರಿಗೆ ಭಯ. ಶರತ್ಕಾಲದಲ್ಲಿ, ಇಬ್ಬರವರೆಗೆ ಮರುಳು. ವಸಂತದಲ್ಲಿ, ನಿಮ್ಮ ಬದಲು ಪಕ್ಕದ ಗೆಳೆಯನನ್ನು ಕಳಿಸಬಹುದು. ಭಯಕ್ಕೂ ಮರುಳಿಗೂ ಎದುರಾಳಿ ವಿಸ್ಡಮ್ ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳಲು ಎಸೆಯುವ ದಾಳ) ಎಸೆಯಬೇಕು. 2018ರ ರೂಪದಲ್ಲಿ ಅದರ ಡಿಸಿ (ಆ ದಾಳ ಮುಟ್ಟಬೇಕಾದ ಅಂಕ) ಅಂದರೆ 8, ಪ್ರೊಫಿಷಿಯೆನ್ಸಿ ಬೋನಸ್, ಕ್ಯಾರಿಸ್ಮಾ ಮಾಡಿಫೈಯರ್ (ಕ್ಯಾರಿಸ್ಮಾ ಅಂಕದಿಂದ ಸಿಗುವ ಕೂಡಿಕೆ) ಮೂರನ್ನೂ ಕೂಡಿದ್ದು. 3ನೇ ಲೆವೆಲ್, ಕ್ಯಾರಿಸ್ಮಾ 16 ಇದ್ದರೆ 8 ಕೂಡಿಸು 2 ಕೂಡಿಸು 3, ಒಟ್ಟು 13. ಕ್ಯಾರಿಸ್ಮಾ 10 ಇರುವ ಫೈಟರ್ ಆದರೆ ಬರೀ 10. ಅದಕ್ಕೇ 2018ರದ್ದು ಬಾರ್ಡ್, ಸಾರ್ಸರರ್, ವಾರ್ಲಾಕ್, ಪ್ಯಾಲಡಿನ್‌ನಂಥ ಕ್ಯಾರಿಸ್ಮಾ ನಂಬಿದ ಕ್ಲಾಸ್‌ಗಳಿಗೆ (ಪಾತ್ರದ ವೃತ್ತಿ) ಹೊಂದುತ್ತದೆ. 2022ರದ್ದರಲ್ಲಿ ಇಂಟೆಲಿಜೆನ್ಸ್, ವಿಸ್ಡಮ್, ಕ್ಯಾರಿಸ್ಮಾ ಮೂರರಲ್ಲಿ ನಿಮಗೆ ಬೇಕಾದ್ದು ಆರಿಸಬಹುದು. ವಿಝರ್ಡ್‌ಗೂ ಡ್ರೂಯಿಡ್‌ಗೂ ದಾರಿ ತೆರೆಯಿತು.

ನನ್ನ ಮೆಚ್ಚಿನ ಒಂದು ವಸಂತದ ಉಪಯೋಗ ಹೇಳುತ್ತೇನೆ. ದೈತ್ಯನ ಕೈಯಲ್ಲಿ ಸಿಕ್ಕಿಬಿದ್ದ ಗೆಳೆಯನ ಪಕ್ಕಕ್ಕೆ ಓಡಿ, ಅವನನ್ನು 30 ಅಡಿ ಆಚೆ ಕಳಿಸಿ, ತಾನು ಅಲ್ಲೇ ನಿಲ್ಲುವುದು. ಲೆಕ್ಕದಲ್ಲಿ ಇದು ಅಂಥ ದೊಡ್ಡ ಶಕ್ತಿ ಅಲ್ಲ. ಟೇಬಲ್‌ನಲ್ಲಿ ಅದರ ತೂಕವೇ ಬೇರೆ.

ಇನ್ನೊಂದು ಸೂಕ್ಷ್ಮ. 2018 ಮತ್ತು 2022ರ ಫೇ ಸ್ಟೆಪ್ ಮಂತ್ರ ಅಲ್ಲ, ಹುಟ್ಟುಗುಣ. ಹಾಗಾಗಿ ಅದೇ ಸರದಿಯಲ್ಲಿ ಆ್ಯಕ್ಷನ್ ಬಳಸಿ ದೊಡ್ಡ ಮಂತ್ರವನ್ನೂ ಹಾಕಬಹುದು. ಕೌಂಟರ್‌ಸ್ಪೆಲ್ (ಬೇರೆಯವರ ಮಂತ್ರ ತಡೆಯುವ ಮಂತ್ರ) ಅದನ್ನು ತಡೆಯಲಾರದು. ಬಾಯಿ ಕಟ್ಟಿದ್ದರೂ ನಡೆಯುತ್ತದೆ. ಕಣ್ಣು ಕಟ್ಟಿದ್ದರೆ ಮಾತ್ರ ಆಗುವುದಿಲ್ಲ, ಯಾಕೆಂದರೆ ಹೋಗುವ ಜಾಗ ಕಾಣಬೇಕು. 2014ರ ಹಳೆಯ ಎಲಾಡ್ರಿನ್ ಫೇ ಸ್ಟೆಪ್ ಅಂತ ಹಾಕುವುದು ಮಿಸ್ಟಿ ಸ್ಟೆಪ್ ಅನ್ನುವ ಮಂತ್ರವನ್ನು. ಆ ನಿಯಮದಲ್ಲಿ ಬೋನಸ್ ಆ್ಯಕ್ಷನ್‌ಗೆ ಮಂತ್ರ ಹಾಕಿದ ಸರದಿಯಲ್ಲಿ ಆ್ಯಕ್ಷನ್‌ಗೆ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಮಂತ್ರ) ಬಿಟ್ಟು ಬೇರೆ ಮಂತ್ರ ಹಾಕುವಂತಿಲ್ಲ. ಹೆಸರು ಒಂದೇ ಆದರೂ ಕೆಲಸ ಬೇರೆ.

ಶಾಡರ್-ಕೈಗೂ 30 ಅಡಿ ಮಾಯವಾಗುವ ಶಕ್ತಿ ಇದೆ. ಎಲಾಡ್ರಿನ್ ಅದನ್ನು ತಪ್ಪಿಸಿಕೊಳ್ಳಲು ಬಳಸಿದರೆ ಶಾಡರ್-ಕೈ ನುಗ್ಗಲು ಬಳಸಬೇಕು. 3ನೇ ಲೆವೆಲ್‌ನಿಂದ, ಮಾಯವಾಗಿ ಬಂದ ಮೇಲೆ ನಿಮ್ಮ ಮುಂದಿನ ಸರದಿ ಶುರುವಾಗುವವರೆಗೆ ಎಲ್ಲ ಬಗೆಯ ಏಟೂ ಅರ್ಧ. ಮೈ ನೆರಳಿನಂತೆ ಪಾರದರ್ಶಕವಾಗಿರುತ್ತದೆ. 20ರ ಏಟು 10 ಆಗುತ್ತದೆ. ಶತ್ರುಗಳ ನಡುವೆ ನಿಂತವನಿಗೆ ಇದರ ಬೆಲೆ ಗೊತ್ತು. ಒಂದು ಎಚ್ಚರ: ಇದು ಬೋನಸ್ ಆ್ಯಕ್ಷನ್. ಬಾರ್ಬೇರಿಯನ್‌ನ ರೇಜ್, ರೋಗ್‌ನ ಕನಿಂಗ್ ಆ್ಯಕ್ಷನ್ ಕೂಡ ಬೋನಸ್ ಆ್ಯಕ್ಷನ್. ಒಂದು ಸರದಿಯಲ್ಲಿ ಒಂದೇ ಸಿಗುವುದು. ಬೋನಸ್ ಆ್ಯಕ್ಷನ್‌ಗೆ ಹೆಚ್ಚು ಕೆಲಸ ಇಲ್ಲದ ಪಾತ್ರಗಳಿಗೆ ಶಾಡರ್-ಕೈ ಜಾಸ್ತಿ ಲಾಭ.

ಸೀ ಎಲ್ಫ್‌ನ ಲೆಕ್ಕ ನೀರೊಳಗಿನ ಹೊಡೆದಾಟದ ನಿಯಮ ಓದಿದರೆ ಮಾತ್ರ ಅರ್ಥವಾಗುತ್ತದೆ. 2014ರ ನಿಯಮದಲ್ಲಿ, ಈಜುವ ವೇಗ ಇಲ್ಲದವರು ನೀರಿನಲ್ಲಿ ಕತ್ತಿ, ಕೊಡಲಿ ಬೀಸಿದರೆ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಎಸೆದು ಕಡಿಮೆಯದ್ದನ್ನು ತಗೊಳ್ಳುವುದು). ಬಾಕು, ಗಿಡ್ಡ ಕತ್ತಿ, ಈಟಿ, ಜಾವೆಲಿನ್, ತ್ರಿಶೂಲ ಇವಕ್ಕೆ ಮಾತ್ರ ವಿನಾಯಿತಿ. ದೂರದಿಂದ ಹೊಡೆಯಲು ಕ್ರಾಸ್‌ಬೋ, ಬಲೆ, ಜಾವೆಲಿನ್‌ನಂತೆ ಎಸೆಯುವ ಆಯುಧಗಳು ಸರಿ, ಬಿಲ್ಲು ಅಲ್ಲ. ಈಗ 2018ರ ಸೀ ಎಲ್ಫ್ ಕಲಿತು ಬರುವ ಆಯುಧಗಳನ್ನು ನೋಡಿ: ಈಟಿ, ತ್ರಿಶೂಲ, ಲೈಟ್ ಕ್ರಾಸ್‌ಬೋ, ಬಲೆ. ನಾಲ್ಕೂ ನೀರಿನಲ್ಲಿ ನಡೆಯುವಂಥವು. ನಿಯಮ ಬರೆದವರು ಒಂದು ಜನಾಂಗದ ಬದುಕನ್ನು ಆಯುಧದ ಪಟ್ಟಿಯಲ್ಲೇ ಹೇಳಿದ್ದಾರೆ. ನೀರಲ್ಲಿ ಮುಳುಗಿದವರಿಗೆ ಬೆಂಕಿಯ ಏಟೂ ಅರ್ಧವೇ. ಹಾಗಾಗಿ ಗೆಲ್ಲಬೇಕಾದ ಹೊಡೆದಾಟವನ್ನು ಹೊಳೆಯ ದಡಕ್ಕೆ ಎಳೆದು ತರುವುದು ಸೀ ಎಲ್ಫ್‌ನ ಮೊದಲ ತಂತ್ರ ಆಗಬೇಕು.

ಒಂದು ನಿಯಮ, ಒಂದು ಅಭ್ಯಾಸ

ಈಗ ಮುಖ್ಯ ಕೆಲಸ. ನಿಮ್ಮ ಶೀಟ್ ತೆಗೆದು ಎಲ್ಫ್‌ನ ಗುಣಗಳಲ್ಲಿ ಒಂದನ್ನು ಆರಿಸಿ. ಒಂದೇ. ಅದು ದಿನನಿತ್ಯ ಮೈಯಲ್ಲಿ ಹೇಗೆ ಕಾಣುತ್ತದೆ ಅಂತ ಒಂದು ವಾಕ್ಯ ಬರೆಯಿರಿ. ಅದನ್ನು ನೋಡಿದವರು ಏನಂದುಕೊಳ್ಳುತ್ತಾರೆ ಅಂತ ಇನ್ನೊಂದು ವಾಕ್ಯ.

ಶಾಡರ್-ಕೈಯನ್ನೇ ತಗೊಳ್ಳಿ. ನಿಯಮ: ರೇವನ್ ಕ್ವೀನ್‌ನ ಆಶೀರ್ವಾದ (ಮೇಲೆ ಹೇಳಿದ ಮಾಯವಾಗುವ ಶಕ್ತಿ). ಅಭ್ಯಾಸ: ಪ್ರತಿ ಹೊಡೆದಾಟ ಮುಗಿದ ಮೇಲೆ ಸತ್ತವನ ಹತ್ತಿರ ಒಂದು ಸಣ್ಣ ವಸ್ತು ತಗೊಳ್ಳುತ್ತಾನೆ. ಚಿನ್ನ ಅಲ್ಲ. ಗುಂಡಿ, ಮುರಿದ ಬಾಚಣಿಗೆ, ಮಗು ಬರೆದ ಚಿತ್ರ. ನೋಡಿದವರು: ಮೊದಲು ಅಸಹ್ಯ ಪಡುತ್ತಾರೆ, ಆಮೇಲೆ ಅವನೇಕೆ ಆ ಎಲ್ಲ ವಸ್ತುಗಳ ಹೆಸರು ಹೇಳುತ್ತಾ ಕೂತಿರುತ್ತಾನೆ ಅಂತ ಕೇಳುತ್ತಾರೆ.

ನಾಲ್ಕು ಪುಟದ ಪೂರ್ವಕಥೆ ಬರೆಯುವುದು ತಪ್ಪಲ್ಲ. ಆದರೆ ಅದು ನಿಮ್ಮ ಹತ್ತಿರ ಮಾತ್ರ ಇರುತ್ತದೆ. ಬಾಚಣಿಗೆ ಎಲ್ಲರ ಕಣ್ಣಮುಂದೆ ಇರುತ್ತದೆ, ಕೇಳಿದಾಗ ಕಥೆ ತಾನೇ ಹೊರಗೆ ಬರುತ್ತದೆ.

ಎಲಾಡ್ರಿನ್‌ಗೆ ಋತು ಬದಲಾಗಿದೆ ಅಂತ ಬಾಯಲ್ಲಿ ಹೇಳಬೇಡಿ. ಏನಾದರೂ ತೋರಿಸಿ. ನಮ್ಮ ಆಟಗಾರನೊಬ್ಬ ನಾಲ್ಕು ಬಣ್ಣದ ಕರ್ಚೀಫ್ ಇಟ್ಟುಕೊಂಡಿದ್ದ. ಸೆಷನ್ ಶುರುವಾಗುವಾಗ ಒಂದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದ. ವಿಡಿಯೊ ಕಾಲ್‌ನಲ್ಲಿ ಹೊರದೇಶದಿಂದ ಸೇರುತ್ತಿದ್ದ ಗೆಳೆಯನಿಗೂ ಅದು ಕಾಣುತ್ತಿತ್ತು. ಬಿಳಿ ಕರ್ಚೀಫ್ ಕಂಡ ದಿನ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಋತು ಯಾಕೆ ಬದಲಾಯಿತು ಅನ್ನುವುದಕ್ಕೆ ಕಥೆಯೊಳಗೆ ಕಾರಣ ಇರಲಿ. ಗೆಳೆಯ ಸತ್ತ ರಾತ್ರಿ ಚಳಿಗಾಲ ಬರಲಿ. ಸುಮ್ನೆ ಶಕ್ತಿಯ ಲಾಭಕ್ಕೆ ದಿನಾ ಬದಲಾಯಿಸಿದರೆ ಋತುವಿಗೆ ಬೆಲೆ ಹೋಗುತ್ತದೆ.

ವಯಸ್ಸು ಮತ್ತು ನೆನಪು

ಎಲ್ಫ್‌ಗಳು 750 ವರ್ಷ ಬದುಕಬಲ್ಲರು. ಮೈ ಬೆಳೆಯುವುದು ಮನುಷ್ಯರಷ್ಟೇ ಬೇಗ. ಆದರೆ ದೊಡ್ಡವರು ಅನ್ನಿಸಿಕೊಳ್ಳುವುದು 100ರ ಸುಮಾರಿಗೆ. ಈ ಅಂಕಿ ಓದಿ ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ಒಂದು ಸಲ ನಮ್ಮ ನೆಲಕ್ಕೆ ಹೋಲಿಸಿ ನೋಡಿ. ಸೋಮನಾಥಪುರದ ಕೇಶವ ದೇವಾಲಯ ಆದದ್ದು 1258ರಲ್ಲಿ. ಆ ವರ್ಷ ಹುಟ್ಟಿದ ಎಲ್ಫ್ 2008ರವರೆಗೆ ಬದುಕಿರಬಹುದಿತ್ತು. ಅವಳಿಗೆ 250 ದಾಟಿದ ಮೇಲೆ ಪೋರ್ಚುಗೀಸರ ಜೊತೆ ಮೆಣಸಿನಕಾಯಿ ಬಂತು. ಅದಕ್ಕೆ ಮುಂಚೆ ಖಾರ ಅಂದರೆ ಕರಿಮೆಣಸು. ಅವಳ ನಾಲಿಗೆಗೆ ನಮ್ಮ ಇವತ್ತಿನ ಸಾರು ಈಗಲೂ ಹೊಸ ಅಡುಗೆ.

ನಿಮ್ಮ ಎಲ್ಫ್‌ಗೂ ಇಂಥ ಒಂದು ನೆನಪು ಬೇಕು. ರಾಜರ ಯುದ್ಧದ ನೆನಪು ಬೇಡ, ಅದು ಎಲ್ಲರೂ ಬರೆಯುವಂಥದ್ದು. ಈ ಊರಿಗೆ ರಸ್ತೆ ಬರುವ ಮೊದಲು ಹೇಗಿತ್ತು, ಈ ಹಾಡಿಗೆ ಮೊದಲು ಬೇರೆ ಸಾಲಿತ್ತು, ಈ ಸೇತುವೆ ಕಟ್ಟಿದವನಿಗೆ ಉಗ್ಗು ಇತ್ತು. ಹೀಗೆ ಸಣ್ಣದು. ಡಿಎಂ ಹತ್ತಿರ ಮೊದಲೇ ಹೇಳಿ, ಪ್ರತಿ ಹೊಸ ಊರಲ್ಲಿ ಒಂದು ಹಳೆಯ ನೆನಪು ಹೇಳುವ ಹಕ್ಕು ಪಡೆದುಕೊಳ್ಳಿ.

ವಯಸ್ಸು 600 ಅಂತ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. 600 ವರ್ಷ ಬದುಕಿದವಳು ಯಾಕೆ ಇನ್ನೂ 1ನೇ ಲೆವೆಲ್ ಅನ್ನುವ ಪ್ರಶ್ನೆಗೆ ಉತ್ತರ ಕಷ್ಟ. 110ರಿಂದ 160ರೊಳಗೆ ಇಟ್ಟುಕೊಳ್ಳಿ. ಆಗ ಅವಳು ತನ್ನವರ ನಡುವೆ ಈಗಷ್ಟೇ ದೊಡ್ಡವಳು, ಮನುಷ್ಯರ ನಡುವೆ ಎಲ್ಲರಿಗಿಂತ ಹಿರಿಯಳು. ಎರಡರ ನಡುವಿನ ಆ ಇಕ್ಕಟ್ಟಿನಲ್ಲಿ ಆಡಲು ತುಂಬ ಇದೆ.

ಹೆಸರು

ಎಲ್ಫ್‌ಗಳಿಗೆ ಮಗುವಾಗಿದ್ದಾಗ ಒಂದು ಹೆಸರು. ದೊಡ್ಡವರಾದಾಗ ತಾವೇ ಆರಿಸಿಕೊಳ್ಳುವುದು ಇನ್ನೊಂದು. ಮನೆತನದ ಹೆಸರು ಬೇರೆ. ಮನುಷ್ಯರ ನಡುವೆ ಓಡಾಡುವ ಎಲ್ಫ್‌ಗಳಲ್ಲಿ ಕೆಲವರು ಮನೆತನದ ಹೆಸರನ್ನು ಮನುಷ್ಯರ ಮಾತಿಗೆ ತಿರುಗಿಸಿ ಹೇಳುತ್ತಾರೆ ಅಂತ ಹ್ಯಾಂಡ್‌ಬುಕ್‌ನಲ್ಲೇ ಇದೆ. ನಾವು ಕನ್ನಡದಲ್ಲಿ ಆಡುವವರಿಗೆ ಇದು ದೊಡ್ಡ ಕೊಡುಗೆ. ಅಲ್ಲಿ ಕೊಟ್ಟಿರುವ ಅರ್ಥಗಳನ್ನೇ ಹಿಡಿದರೆ ಗ್ಯಾಲನೋಡೆಲ್ ಅಂದರೆ ತಿಂಗಳ ಪಿಸುಮಾತು, ನೈಲೋ ಅಂದರೆ ಇರುಳಗಾಳಿ, ಸಿಯಾನೋಡೆಲ್ ಅಂದರೆ ತಿಂಗಳತೊರೆ. "ನಾನು ಇರುಳಗಾಳಿ ಮನೆಯವಳು" ಅಂತ ಒಬ್ಬಳು ಹೇಳಿದಾಗ ಟೇಬಲ್‌ನಲ್ಲಿ ಆಗುವ ಬದಲಾವಣೆ ನೀವೇ ನೋಡಿ. ಮಗುವಿನ ಹೆಸರನ್ನು ಗುಟ್ಟಾಗಿ ಇಟ್ಟುಕೊಳ್ಳಿ. ಯಾರಿಗೆ, ಯಾವಾಗ ಹೇಳುತ್ತಾಳೆ ಅನ್ನುವುದೇ ಒಂದು ಘಟನೆ ಆಗುತ್ತದೆ.

ಮಾತು: ನೀನು, ನೀವು

ಇಂಗ್ಲಿಷ್‌ನಲ್ಲಿ ಆಡುವವರಿಗೆ ಸಿಗದ ಒಂದು ಹತಾರ ನಮ್ಮ ಹತ್ತಿರ ಇದೆ. ಯಾರನ್ನು 'ನೀನು' ಅನ್ನುತ್ತೀರಿ, ಯಾರನ್ನು 'ನೀವು' ಅನ್ನುತ್ತೀರಿ ಅನ್ನುವುದರಲ್ಲೇ ವಯಸ್ಸು, ಸಲುಗೆ, ದೂರ ಎಲ್ಲವೂ ಇದೆ.

ಒಂದು ಛತ್ರದ ಅಜ್ಜಿಯನ್ನು ಊಹಿಸಿ. ಎಪ್ಪತ್ತು ವರ್ಷ. ಬಾಗಿಲಲ್ಲಿ ನಿಂತ ಎಲ್ಫ್ ಇಪ್ಪತ್ತೈದರ ಹುಡುಗನಂತೆ ಕಾಣುತ್ತಾನೆ. ಅಜ್ಜಿ "ಏನಪ್ಪಾ, ಎಲ್ಲಿಂದ ಬಂದೆ?" ಅನ್ನುತ್ತಾಳೆ. ಅವನು ಅವಳನ್ನು ತೊಟ್ಟಿಲಲ್ಲಿ ನೋಡಿದವನು. "ಪುಟ್ಟೀ, ನಿಮ್ಮಪ್ಪ ಇದೇ ಬಾಗಿಲಿಗೆ ತಲೆ ಚಚ್ಚಿಕೊಂಡಿದ್ದ" ಅನ್ನುತ್ತಾನೆ. ಎರಡೇ ಮಾತಿಗೆ ಟೇಬಲ್ ಮೌನ. ಈ ದೃಶ್ಯಕ್ಕೆ ದಾಳ ಎಸೆಯುವ ಅಗತ್ಯವೇ ಇಲ್ಲ.

ಎಲಾಡ್ರಿನ್‌ಗೆ ಋತುವಿನ ಪ್ರಕಾರ ಮಾತು ಬದಲಾಯಿಸಿ. ವಸಂತದಲ್ಲಿ ರಾಜನನ್ನೂ 'ನೀನು' ಅನ್ನಲಿ. ಚಳಿಗಾಲದಲ್ಲಿ ಹತ್ತಿರದ ಗೆಳೆಯನನ್ನೂ 'ನೀವು' ಅನ್ನಲಿ, ಅದು ಗೆಳೆಯನಿಗೆ ನೋಯಲಿ. ಬೇಸಿಗೆಯಲ್ಲಿ ಬರೀ ಆಜ್ಞೆ: ಏಳು, ನಡಿ, ಸರಿ ಆಚೆ. ಶರತ್ಕಾಲದಲ್ಲಿ ಯಾರು ಸಿಕ್ಕರೂ ಮೊದಲ ಮಾತು "ಊಟ ಆಯ್ತಾ?" ಸೀ ಎಲ್ಫ್ ಹೊತ್ತನ್ನು ಗಂಟೆಯಲ್ಲಿ ಹೇಳದಿರಲಿ. "ಉಬ್ಬರ ಏರುವ ಮುಂಚೆ", "ಇಳಿತದ ಹೊತ್ತಿಗೆ" ಅನ್ನಲಿ. ಮರಳುಗಾಡಿನ ನಡುವೆ ಹಾಗೆ ಅಂದರೆ ಇನ್ನೂ ಚೆನ್ನ.

ಗ್ರೂಗಾಕ್‌ಗೆ ಎಲ್ಲರೂ ಆಡುವ ಕಾಮನ್ ಭಾಷೆ ಬರುವುದಿಲ್ಲ, ಸಿಲ್ವನ್ ಅನ್ನುವ ಫೇ ಜನರ ಭಾಷೆ ಬರುತ್ತದೆ. ನಮ್ಮ ಗುಂಪಿನಲ್ಲಿ ಇಬ್ಬರಿಗೆ ತುಳು ಬರುತ್ತಿತ್ತು. ಎಲ್ಫ್ ಭಾಷೆಯಲ್ಲಿ ಗುಟ್ಟು ಮಾತಾಡಬೇಕಾದಾಗ ಅವರು ತುಳುವಿನಲ್ಲಿ ಮಾತಾಡುತ್ತಿದ್ದರು. ಉಳಿದವರಿಗೆ ನಿಜವಾಗಲೂ ಅರ್ಥ ಆಗುತ್ತಿರಲಿಲ್ಲ. ಆದರೆ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಯಾರದ್ದಾದರೂ ಮನೆಮಾತನ್ನು, ಊರಿನ ದನಿಯನ್ನು 'ಕಾಡುಜನ'ರ ಮಾತು ಅಂತ ತೋರಿಸಲು ಬಳಸಬೇಡಿ. ಅದನ್ನು ಆಡುವವರು ಇಲ್ಲೇ ಪಕ್ಕದಲ್ಲಿ ಇದ್ದಾರೆ.

ರಾತ್ರಿಯ ಆ ನಾಲ್ಕು ಗಂಟೆ

ಎಲ್ಫ್‌ಗಳು ಮಲಗುವುದಿಲ್ಲ. ನಾಲ್ಕು ಗಂಟೆ ಟ್ರಾನ್ಸ್ ಅನ್ನುವ ಧ್ಯಾನದಲ್ಲಿ ಕೂರುತ್ತಾರೆ. ನಾಲ್ಕೇ ಗಂಟೆಗೆ ಲಾಂಗ್ ರೆಸ್ಟ್ ಮುಗಿಯುತ್ತದೆ ಅಂತ 2022 ಮತ್ತು 2024ರ ಪುಸ್ತಕಗಳು ಸ್ಪಷ್ಟವಾಗಿ ಹೇಳುತ್ತವೆ. 2014ರದ್ದರಲ್ಲಿ ಅಷ್ಟು ಬಿಡಿಸಿ ಬರೆದಿಲ್ಲ, ಡಿಎಂ ಹತ್ತಿರ ಕೇಳಿಕೊಳ್ಳಿ. 2022ರ ಮೂರೂ ಎಲ್ಫ್‌ಗಳಿಗೆ ಇನ್ನೊಂದು ಲಾಭ ಇದೆ. ಟ್ರಾನ್ಸ್ ಮುಗಿದಾಗ ಎರಡು ಆಯುಧ ಅಥವಾ ಉಪಕರಣಗಳ ಪರಿಣತಿ ಮುಂದಿನ ಲಾಂಗ್ ರೆಸ್ಟ್‌ವರೆಗೆ ಸಿಗುತ್ತದೆ. ನಾಳೆ ಬೀಗ ತೆಗೆಯಬೇಕಾ? ಕಳ್ಳರ ಉಪಕರಣ. ಹಡಗು ನಡೆಸಬೇಕಾ? ನಾವಿಕರ ಉಪಕರಣ. ಇದನ್ನು ಮರೆಯುವವರೇ ಹೆಚ್ಚು.

ಈ ಪರಿಣತಿ ಎಲ್ಲಿಂದ ಬಂತು ಅಂತಲೂ ಹೇಳಿ. ಟ್ರಾನ್ಸ್‌ನಲ್ಲಿ ಎಲ್ಫ್ ನೋಡುವುದು ಕನಸಲ್ಲ, ನೆನಪು. ಹಿಂದಿನ ಜನ್ಮದ ನೆನಪೂ ಬರಬಹುದು. ಹಾಗಾದರೆ ಇವತ್ತು ಬೀಗ ತೆಗೆದ ಕೈ ಯಾರದ್ದು? ಉಳಿದವರು ಮಲಗಿರುವಾಗ, ಬೆಂಕಿ ಆರುತ್ತಿರುವಾಗ, ಎದ್ದು ಕೂತ ನಿಮ್ಮ ಎಲ್ಫ್ ಏನು ಮಾಡುತ್ತಾಳೆ ಅಂತ ಎರಡು ವಾಕ್ಯ ಹೇಳಿ. ಕಾವಲಿಗೆ ಎದ್ದ ಇನ್ನೊಬ್ಬ ಆಟಗಾರ ಬಂದು ಪಕ್ಕದಲ್ಲಿ ಕೂರಲು ಜಾಗ ಬಿಡಿ. ನಮ್ಮ ಟೇಬಲ್‌ನ ಒಳ್ಳೆಯ ಮಾತುಕತೆಗಳು ಹೆಚ್ಚಾಗಿ ನಡೆದದ್ದು ಆ ಹೊತ್ತಿನಲ್ಲೇ.

ಎಡವುವ ಜಾಗಗಳು

ಶಾಡರ್-ಕೈ ಅಂದರೆ ಮೂಲೆಯಲ್ಲಿ ಕತ್ತಲಲ್ಲಿ ಕೂರುವವನು ಅಂತ ಆಡಬೇಡಿ. ದುಃಖ ಇರಲಿ, ಆದರೆ ಅವನು ಬೇರೆಯವರ ಕಥೆ ಕೇಳುವವನು. ಕೇಳಲು ಹತ್ತಿರ ಬರಲೇಬೇಕು. ಸಾವು, ನೆನಪು ಇವೆಲ್ಲ ನಿಜಜೀವನದಲ್ಲಿ ಯಾರಿಗಾದರೂ ಈಗಷ್ಟೇ ತಾಗಿರಬಹುದು. ಸೆಷನ್ ಝೀರೋದಲ್ಲಿ (ಆಟ ಶುರುವಾಗುವ ಮೊದಲಿನ ಮಾತುಕತೆ) ಎಲ್ಲರನ್ನೂ ಕೇಳಿ, ಎಲ್ಲಿ ನಿಲ್ಲಿಸಬೇಕು ಅಂತ ತಿಳಿದುಕೊಳ್ಳಿ. ಬೇಸಿಗೆಯ ಎಲಾಡ್ರಿನ್‌ಗೆ ಸಿಟ್ಟು ಬಂತು ಅಂತ ಗೆಳೆಯರ ಯೋಜನೆ ಹಾಳು ಮಾಡಬೇಡಿ. "ನನ್ನ ಪಾತ್ರ ಹಾಗೇ" ಅನ್ನುವುದು ಉತ್ತರ ಅಲ್ಲ. ಆ ಸಿಟ್ಟನ್ನು ಶತ್ರುವಿನ ಕಡೆ, ಬಾಗಿಲ ಕಡೆ, ಹವಾಮಾನದ ಕಡೆ ತಿರುಗಿಸಿ.

ಡಿಎಂಗಳಿಗೆ ಒಂದು ಮಾತು. ಅಪರೂಪದ ಎಲ್ಫ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಅದರ ಲೋಕಕ್ಕೆ ಒಂದು ಕಿಟಕಿ ತೆರೆಯುವುದು ನಿಮ್ಮ ಕೆಲಸ. ಸೀ ಎಲ್ಫ್‌ಗೆ ನಾಲ್ಕೈದು ಸೆಷನ್‌ಗೆ ಒಮ್ಮೆಯಾದರೂ ನೀರು ಕೊಡಿ. ಮರಳುಗಾಡಿನಲ್ಲೂ ಓಯಸಿಸ್ ಇದೆ, ಅದರ ಕೆಳಗೆ ಮುಳುಗಿದ ಮೆಟ್ಟಿಲು ಇರಬಹುದು. ಆ ಮೆಟ್ಟಿಲನ್ನು ನಾನು ಹಾಕಿದ್ದು ಏಳನೇ ಸೆಷನ್‌ಗೆ. ಇನ್ನೂ ಮೊದಲೇ ಹಾಕಬೇಕಿತ್ತು.

ನಾಲ್ಕು ಸೆಷನ್ ಆದ ಮೇಲೆ ಜೊತೆಗೆ ಆಡುವವರನ್ನು ಒಂದು ಪ್ರಶ್ನೆ ಕೇಳಿ: ನನ್ನ ಎಲ್ಫ್ ಅಂದರೆ ನಿಮಗೆ ಏನು ನೆನಪಾಗುತ್ತದೆ? ಅವರು ಶಕ್ತಿಯ ಹೆಸರು ಹೇಳಿದರೆ ಅಭ್ಯಾಸ ಇನ್ನೂ ಕೂತಿಲ್ಲ, ಬೇರೆ ಆರಿಸಿ. ನನ್ನ ಗೆಳತಿ ಈ ಪ್ರಶ್ನೆ ಕೇಳಿದ್ದು ಮೆಟ್ಟಿಲ ಸೆಷನ್ ಮುಗಿದ ಮೇಲೆ. ಮೂವರೂ ಒಟ್ಟಿಗೆ ಕುಪ್ಪಿ ಅಂದರು. ಓಯಸಿಸ್‌ನ ನೀರಿನಿಂದ ಅದನ್ನು ತುಂಬಿಸಬೇಕಾ ಬೇಡವಾ ಅಂತ ಅವರು ಅದಾಗಲೇ ಅರ್ಧ ಗಂಟೆ ವಾದ ಮಾಡಿದ್ದರು. ಅದು ಸಿಹಿನೀರು, ಕಡಲಿನದ್ದಲ್ಲ. ಕೊನೆಗೆ ಅವಳ ಎಲ್ಫ್ ಒಂದೇ ಹನಿ ಸೇರಿಸಿ ಬಿರಡೆ ಹಾಕಿದಳು.